ಖೋಡಿ ಅಲ್ರೀ, ಕೋಡಿ!

"ಅಯ್ಯೋ! ಪಾಣೀ... ಪಾಣೀ ಆಲಂ ಇಕಡೇ!"

ನೀರು ಈ ಕಡೆಗೇ ಬಂತೆಂದು ಶಿವಾನಿ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಮರಾಠಿಯಲ್ಲಿ ಚೀರಿದಳು. ಆದರೆ ಅಷ್ಟರಲ್ಲಿ ತಡವಾಗಿತ್ತು. ಸಭೆಯ ಮೇಜಿನ ಕೆಳಗಿನಿಂದ ಹರಿದು ಬಂದ ಕೆಂಪು ಕೆಸರುನೀರು ಅವಳ ಹೊಸ ಚಪ್ಪಲಿಯನ್ನೂ ಸೀರೆಯ ಅಂಚನ್ನೂ ತೋಯಿಸಿಬಿಟ್ಟಿತ್ತು.

ಶಿವಾನಿ ಕೆಲಸಕ್ಕಿದ್ದ, ಪುಣೆಯ ಕೋಥರೂಡದ ಆ ಪುಟ್ಟ ಟ್ರಸ್ಟಿನ ಕಚೇರಿಯಲ್ಲಿ ಅಂದು ಅನುದಾನದ ಸಭೆ. ಹೊಲದ ಮಣ್ಣು, ನೀರು ಉಳಿಸುವ ಹೊಸ ಉಪಾಯ ಯಾರ ಹತ್ತಿರ ಇದೆಯೋ ಅವರು ಬಂದು ತೋರಿಸಬೇಕು. ಮೆಚ್ಚಿಗೆಯಾದರೆ ಒಂದು ವರ್ಷ ನಡೆಸಿ ನೋಡಲು ಟ್ರಸ್ಟು ಹಣ ಕೊಡುತ್ತಿತ್ತು. ಉಳಿದವರೆಲ್ಲ ಚಿತ್ರ ತೋರಿಸಿ ಹೋಗಿದ್ದರು. ಈ ಪುಣ್ಯಾತ್ಮ ಮಾತ್ರ ಎರಡು ಮರದ ತಟ್ಟೆಯಲ್ಲಿ ಮಣ್ಣಿನ ಗುಡ್ಡ ಕಟ್ಟಿ, ಬಕೆಟ್ಟಿನಿಂದ ನೀರು ಸುರಿದಿದ್ದ!

ಒಂದು ಗುಡ್ಡದ ಒಡ್ಡು ಒಡೆದು ಕೊಚ್ಚಿಹೋಯಿತು. ಇನ್ನೊಂದು ನಿಂತಿತ್ತು. ಒಡೆಯಬೇಕಾದದ್ದೇ ಒಡೆದಿತ್ತು, ಸರಿ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಸಾಹೇಬರು ಯೋಚಿಸಿರಲಿಲ್ಲ.

"ಖೋಡಿ!" ಎಂದು ಹಲ್ಲು ಕಚ್ಚಿ ಬೈದಳು ಶಿವಾನಿ, ಈ ಊರಲ್ಲಿ ಯಾರಿಗೆ ಕನ್ನಡ ತಿಳಿದೀತು ಎಂಬ ಧೈರ್ಯದ ಮೇಲೆ.

ಅವನು ತಟ್ಟನೆ ತಿರುಗಿ ನೋಡಿದ. ಮೊಣಕೈವರೆಗೆ ಮಣ್ಣು. ಕಣ್ಣಲ್ಲಿ ಗಾಬರಿ... ಆ ಗಾಬರಿಯ ಹಿಂದೆ ಸಣ್ಣ ನಗು.

"ಖೋಡಿ ಅಲ್ರೀ, ಕೋಡಿ! ಹೆಚ್ಚಾದ ನೀರು ಹೊರಗ ಹೋಗೂ ದಾರಿ. ಅದನ್ನ ತೋರಸಾಕೇ ಬಂದೇನಿ."

ಶಿವಾನಿಯ ಮುಖ ಕೆಂಪಾಯಿತು. ಛೇ! ಕನ್ನಡದವನು!

ಅವನ ಹೆಸರು ಮಾಂತು. ವಿಜಾಪುರದ ಕಡೆಯವನು, ಕೃಷಿ ಇಂಜಿನಿಯರಿಂಗ್ ಓದಿದವನು. ಭೋರ್ ಆಚೆಯ ಗುಡ್ಡದೂರೊಂದರಲ್ಲಿ ಮಳೆಗಾಲದ ನೀರು ಪ್ರತಿವರ್ಷ ಹೊಲದ ಒಡ್ಡು ಒಡೆದು ಮಣ್ಣನ್ನೆಲ್ಲ ಹೊಳೆಗೆ ಒಯ್ಯುತ್ತಿತ್ತು. ಕಲ್ಲಿನ ಕೋಡಿ ಕಟ್ಟಿಸುವ ತ್ರಾಣ ಅಲ್ಲಿನವರಿಗಿರಲಿಲ್ಲ. ರಸಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು, ಸುಣ್ಣ ತುಂಬಿ ಹೊಲಿದು, ಮೆಟ್ಟಿಲಿನಂತೆ ಜೋಡಿಸಿ, ಸಂದಿನಲ್ಲಿ ಲಾವಂಚ ನೆಟ್ಟರೆ ಬೇರು ಚೀಲವನ್ನು ಹಿಡಿಯುತ್ತದೆ, ಚೀಲ ಒಡ್ಡನ್ನು ಹಿಡಿಯುತ್ತದೆ. ಇದು ಅವನ ಉಪಾಯ.

ಟ್ರಸ್ಟಿನ ಮುಖ್ಯಸ್ಥರಾದ ಮಾರ್ತಾಂಡ ಸರ್ ನಗುವ ಪೈಕಿ ಅಲ್ಲ. ಕನ್ನಡಕ ಒರೆಸಿಕೊಂಡು, "ಒಂದು ವರ್ಷ ಕೊಡೋಣ. ಮೊದಲ ದೊಡ್ಡ ಮಳೆಗೆ ನಿಂತರೆ ಮುಂದಿನ ಮಾತು" ಎಂದರು.

ಅದು ತೊಂಬತ್ತೆಂಟರ ದೀಪಾವಳಿಯ ಸಮಯ.

ಆಮೇಲೆ ಮಾಂತು ಪ್ರತಿ ತಿಂಗಳು ಕೆಲಸದ ವರದಿ ಹೇಳಲು ಕಚೇರಿಗೆ ಬರತೊಡಗಿದ. ಅವನ ಮರಾಠಿ ಕೇಳಿ ಶಿವಾನಿ ನಗುತ್ತಿದ್ದಳು. ಪುಣೆಯಲ್ಲೇ ಹುಟ್ಟಿದ ಅವಳ ಕನ್ನಡ ಕೇಳಿ ಅವನು ನಗುತ್ತಿದ್ದ. ಅವನ ಬಸ್ಸು ಹೊರಡುವುದು ಕಾತ್ರಜದಿಂದ. ಅಲ್ಲಿಯವರೆಗೆ ಅವನ ಜೊತೆ ಸಿಟಿ ಬಸ್ಸಿನಲ್ಲಿ ಹೋಗಲು ಅವಳಿಗೊಂದು ನೆಪ ಬೇಕಿತ್ತು. ಹಾಗಾಗಿ ಕಾತ್ರಜದಲ್ಲಿ ಇಲ್ಲದ ಸೋದರತ್ತೆಯೊಬ್ಬಳನ್ನು ಹುಟ್ಟಿಸಿಕೊಂಡಿದ್ದಳು! ಆ ಅತ್ತೆಗೆ ತಿಂಗಳು ತಿಂಗಳೂ ಸರಿಯಾಗಿ ಮಾಂತು ಬಂದ ದಿನವೇ ಮೈ ಹುಷಾರಿರುತ್ತಿರಲಿಲ್ಲ.

ಪ್ರೀತಿ ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಏಪ್ರಿಲ್ ಮೊದಲಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವನು ಅಂದದ್ದು ಇಷ್ಟೇ:

"ಅಕ್ಷಯ ತದಿಗೆ ದಿನ ನಿಮ್ಮನಿಗೆ ಬರ್ಲೇನ್ರಿ? ನಿಮ್ಮಪ್ಪಾರ ಕೂಡ ಒಂದು ಮಾತಾಡೂದದ."

ಅವಳು ತಲೆಯಾಡಿಸಿದಳು. ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯಲಿಲ್ಲ.

ತಂದೆ ಈರಬಸಪ್ಪ ಲಕ್ಷ್ಮೀ ರಸ್ತೆಯ ಜವಳಿ ಅಂಗಡಿಯಲ್ಲಿ ಗುಮಾಸ್ತರು. ಕೊಟ್ಟ ಮಾತಿಗೆ ಪ್ರಾಣ ಬಿಡುವ ಜಾತಿ. ಅವರಿಗೆ ಹೇಳಲು ಧೈರ್ಯ ಬರದೆ ಶಿವಾನಿ ತಾಯಿ ಕಾಶವ್ವನ ಕಿವಿಗೆ ಮಾತ್ರ ಹಾಕಿದಳು. ಕಾಶವ್ವ ಬೈಯಲಿಲ್ಲ. "ಬರ್ಲಿ ಬಿಡು, ಹಬ್ಬಕ್ಕ ಹೆಂಗೂ ಸೀಕರಣಿ ಮಾಡ್ತೇನಿ" ಅಂದಳು.

ಇನ್ನೇನು ಹಬ್ಬ ಬಂತು ಅನ್ನುವಷ್ಟರಲ್ಲಿ ಒಂದು ಸಂಜೆ ಶಿವಾನಿ ಮನೆಗೆ ಬಂದಾಗ ಕಾಶವ್ವ ಫೋನಿನ ಪಕ್ಕದಲ್ಲೇ ಕುಸಿದು ಕೂತಿದ್ದಳು.

"ಯಾಕವ್ವಾ? ಏನಾತು?"

"ಮಾಂತು ಫೋನ್ ಮಾಡಿದ್ದ..." ಕಾಶವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ತದಿಗಿ ದಿನ ಬರಾಕ ಆಗೂದಿಲ್ಲಂತ."

"ಯಾಕಂತ?"

"ಅವತ್ತ ಅಲ್ಲೇ ಊರಾಗ... ಯಾರೋ ಅನುಸೂಯಾ ಅಂತ. ಆಕಿಗೆ ತಾಳಿ ಕಟ್ಟೂದದ ಅಂದ."

ಶಿವಾನಿಗೆ ಮೊದಲು ನಗು ಬಂತು. "ಏನರೆ ತಪ್ಪು ಕೇಳ್ಸಿರಬೇಕು ಬಿಡವ್ವಾ."

"ನಾನೂ ಹಂಗ ಅನ್ಕೊಂಡೆ. ತಾಳಿ ಏನಪಾ, ಅಂತ ಮತ್ತ ಕೇಳಿದೆ. ಹೌದ್ರಿ ಅವ್ವಾರ, ಅವತ್ತ ಎಲ್ಲಾರಿಗೂ ಸೂಟಿ ಇರ್ತದ, ಊರ ಮಂದಿ ಎಲ್ಲಾ ಕೂಡತಾರ, ಶಿವಾನಿಗೆ ಹೇಳ್ರಿ ಅಂದ. ಲೈನ್ ಕಟ್ಟಾತು."

ಅಕ್ಷಯ ತದಿಗೆ. ಮದುವೆಗೆ ಮುಹೂರ್ತವೇ ನೋಡಬೇಕಿಲ್ಲದ ದಿನ!

ಶಿವಾನಿ ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುವಿ, ಆ ಸದ್ದಿನಲ್ಲಿ ಅತ್ತಳು. ಬಸ್ಸಿನ ಮೆಟ್ಟಿಲ ಮೇಲೆ ಅವನು ಅಂದ ಮಾತನ್ನು ಮತ್ತೆ ಮತ್ತೆ ನೆನೆದಳು. 'ಅಪ್ಪಾರ ಕೂಡ ಒಂದು ಮಾತಾಡೂದದ...' ಏನು ಮಾತು? ಲಗ್ನಕ್ಕೆ ಕರೆಯುವ ಮಾತೇ? ನಾನೇ ಹುಚ್ಚಿಯ ಹಾಗೆ ಇಲ್ಲದ್ದೆಲ್ಲ ಕಟ್ಟಿಕೊಂಡೆನೇ?

ಹಬ್ಬದ ದಿನ ಸೀಕರಣೆ ಯಾರ ಗಂಟಲಿನಲ್ಲೂ ಇಳಿಯಲಿಲ್ಲ. ಈರಬಸಪ್ಪನವರೊಬ್ಬರೇ ಎರಡು ಸಲ ಹಾಕಿಸಿಕೊಂಡು ಉಂಡರು. ಅವರಿಗೇನು ಗೊತ್ತು, ಪಾಪ!

ಮೇ ತಿಂಗಳಲ್ಲಿ ಮಾಂತು ಕಚೇರಿಗೆ ಬಂದ. ಬಿಸಿಲಿಗೆ ಕರ್ರಗಾಗಿದ್ದ, ಸೊರಗಿದ್ದ. ಆದರೆ ಮುಖದ ತುಂಬ ಸಂತೋಷ. ಆ ಸಂತೋಷ ನೋಡಲಾರದೆ ಶಿವಾನಿ ಮೇಜಿನ ಮೇಲಿನ ಕಾಗದ ತಿರುವತೊಡಗಿದಳು.

"ಹೆಂಗದಾರ ನಿಮ್ಮ ಅನುಸೂಯಾ?" ತಲೆ ಎತ್ತದೆ ಕೇಳಿದಳು.

"ಅವರಾ? ಭಾಳ ಖುಷಿ ಆಗ್ಯಾರ್ರಿ! ನೀವು ನೋಡಬೇಕಿತ್ತು. ಮೊದಲ ಕಟ್ಟಿದ್ದು ಗಟ್ಟಿ ಇರ್ಲಿಲ್ಲ, ಹರಕೊಂಡು ಹೋಗಿತ್ತು. ಈ ಸಲ ನಾನೇ ಮುಂದ ನಿಂತು ಗಟ್ಟಿ ಕಟ್ಟೇನಿ!"

ಶಿವಾನಿ ದಂಗಾಗಿ ಅವನನ್ನು ನೋಡಿದಳು. ಮೊದಲ ಕಟ್ಟಿದ್ದು ಹರಿಯಿತೇ? ಅಂದರೆ ಆಕೆಗೆ ಇದು ಎರಡನೆಯದು! ಗಂಡ ಸತ್ತವಳೋ, ಬಿಟ್ಟವಳೋ... ಅಂಥವಳ ಕೈ ಹಿಡಿದಿದ್ದಾನೆ. ಕೆಟ್ಟವನು ಅಂತ ಬೈದು ಸಮಾಧಾನ ಪಟ್ಟುಕೊಳ್ಳೋಣವೆಂದರೆ ಅದಕ್ಕೂ ಆಸ್ಪದ ಕೊಡಲಿಲ್ಲವಲ್ಲ ಈ ಮನುಷ್ಯ!

"ಒಳ್ಳೇದಾತು" ಅಂದಳು.

ಅವನು ಹತ್ತಿರ ಬಂದು ಮೆಲ್ಲಗೆ ಕೇಳಿದ. "ಅವತ್ತ ಬರಾಕ ಆಗ್ಲಿಲ್ಲ, ಸಿಟ್ಟಾಗಬ್ಯಾಡ್ರಿ. ನಿಮ್ಮಪ್ಪಾರನ್ನ ಈಗ ಯಾವಾಗ ಕಾಣ್ಲಿ?"

"ಇನ್ನ ಯಾಕ ಕಾಣಬೇಕ್ರಿ ಅವ್ರನ್ನ? ಅದೆಲ್ಲಾ ಮುಗೀತಲ್ಲ!"

ಅವನ ಮುಖದಲ್ಲಿದ್ದ ಬೆಳಕು ಆರಿಹೋಯಿತು. ಏನೋ ಕೇಳಬೇಕೆಂದು ಬಾಯಿ ತೆರೆದ. ಆಗಲೇ ಮಾರ್ತಾಂಡ ಸರ್ ಒಳಗಿನಿಂದ ಕರೆದರು. ಅವನು ವರದಿ ಹೇಳಿ, ಚಹಾ ಸಹ ಕುಡಿಯದೆ, ಒಬ್ಬನೇ ಬಸ್ ಸ್ಟಾಪಿಗೆ ನಡೆದ. ಕಾತ್ರಜದ ಅತ್ತೆ ಅಂದಿಗೆ ತೀರಿಕೊಂಡಳು.

ಅದೇ ವಾರ ಈರಬಸಪ್ಪ ಸೊಲ್ಲಾಪುರದ ಸಂಬಂಧದ ಮಾತೆತ್ತಿದರು. ಹುಡುಗನ ಹೆಸರು ಸುಂದರ. ಸ್ವಂತ ಜವಳಿ ಅಂಗಡಿ. "ಏನಂತಿ ಮಗಳ?"

"ಹೂಂ ಅನ್ರಿ ಅಪ್ಪಾ" ಅಂದಳು ಶಿವಾನಿ.

ಕಾಶವ್ವ ಮಗಳ ಮುಖ ನೋಡಿದಳು. ಮಗಳು ಗೋಡೆ ನೋಡಿದಳು.

ಜೂನ್ ತಿಂಗಳ ಒಂದು ರವಿವಾರ ನಿಶ್ಚಯವೆಂದು ಗೊತ್ತಾಯಿತು. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ಮಾರ್ತಾಂಡ ಸರ್ ಜೀಪು ತರಿಸಿದರು. ಭೋರ್ ಕಡೆ ಎರಡು ದಿನದಿಂದ ಹುಚ್ಚು ಮಳೆ. ಅವರು ಕಾಯುತ್ತಿದ್ದದ್ದು ಅದಕ್ಕೇ.

"ಶಿವಾನಿ, ನೀನೂ ಬಾ. ಟಿಪ್ಪಣಿ ಮಾಡಿಕೊಳ್ಳಬೇಕು. ಒಡ್ಡು ಒಡೆದಿದ್ದರೆ ಇವತ್ತಿಗೇ ಈ ಅನುದಾನ ಬಂದ್."

ಬೇಡ ಅನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ.

ಕಾತ್ರಜದ ಘಾಟು ದಾಟುವಾಗ ಮಳೆ ಜೀಪಿನ ಮೇಲೆ ಕಲ್ಲೆಸೆದಂತೆ ಬಡಿಯುತ್ತಿತ್ತು. ಅವನ ಹೆಂಡತಿಯನ್ನು ನೋಡಬೇಕು. ಆಕೆ ಕೊಟ್ಟ ಚಹಾ ಕುಡಿಯಬೇಕು. ಚೆನ್ನಾಗಿದ್ದೀರಾ ಅಂತ ಕೇಳಬೇಕು. ದೇವರೇ, ನನ್ನ ಮುಖ ನನ್ನ ಮಾತು ಕೇಳಲಿ...

ಅದರ ಜೊತೆಗೇ ಇನ್ನೊಂದು ದಿಗಿಲು. ರಸ್ತೆಬದಿಯ ಹೊಲಗಳಲ್ಲಿ ಒಡ್ಡು ಕಿತ್ತು ಕೆಂಪು ನೀರು ನುಗ್ಗುತ್ತಿತ್ತು. ಒಂದೊಂದು ಒಡೆದ ಒಡ್ಡು ಕಂಡಾಗಲೂ ಅವಳ ಎದೆ ಧಸಕ್ಕೆನ್ನುತ್ತಿತ್ತು. 'ಅವಂದು ಒಡೀಬಾರದು... ಅವಂದೊಂದು ಒಡೀಬಾರದಪ್ಪಾ!' ಅವನು ನನ್ನವನಲ್ಲ, ಅವನ ಕೆಲಸ ಉಳಿದರೇನು ಹೋದರೇನು ಎಂದು ಎಷ್ಟು ಹೇಳಿಕೊಂಡರೂ ಮನಸ್ಸು ಕೇಳಲಿಲ್ಲ.

ಊರು ಮುಟ್ಟುವ ಹೊತ್ತಿಗೆ ಮಳೆ ಹನಿಯಾಗಿತ್ತು. ಕೆಳಗಿನ ಹೊಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಮಾಂತು ನಿಂತಿದ್ದ. ಅವಳನ್ನು ಕಂಡವನೇ ಹೆಜ್ಜೆ ಮುಂದಿಟ್ಟು, ತಡೆದು ನಿಂತ.

"ನಮಸ್ಕಾರ್ರಿ ಮೇಡಂ."

ಮೇಡಂ! ಆ ಒಂದು ಮಾತು ಅವಳಿಗೆ ಚುಚ್ಚಿತು.

ಅವನು ಮಾರ್ತಾಂಡ ಸರ್ ಅವರನ್ನು ಕೆಳಗಿನ ಒಡ್ಡುಗಳತ್ತ ಕರೆದೊಯ್ದ. ಅಷ್ಟರಲ್ಲಿ ಮುದುಕಿಯೊಬ್ಬಳು ಗೋಣಿಚೀಲದ ಕೊಪ್ಪೆ ಹೊದ್ದು ದುಡುದುಡು ಬಂದು ಶಿವಾನಿಯ ಕೈ ಹಿಡಿದಳು. ಹಣ್ಣಾದ ಕೂದಲು. ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು.

"ಪುಣ್ಯಾಹೂನ್ ಆಲೀಸ್ ನಾ ಪೋರೀ? ಚಲ್, ಮಾಝೀ ತಾಲ್ ಬಘ್! ಸಾಯಬಾನಂ ಬಾಂಧಲೀ!"

ಪುಣೆಯಿಂದ ಬಂದೆಯಲ್ಲ ಮಗಳೇ, ನಡಿ, ನನ್ನ 'ತಾಲ್' ನೋಡು, ಸಾಹೇಬರು ಕಟ್ಟಿದ್ದು... ಮರಾಠಿ ಶಿವಾನಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಈ ತಾಲ್ ಏನು?

ಮುದುಕಿ ಅವಳನ್ನು ಕೆಸರಿನಲ್ಲಿ ಎಳೆದುಕೊಂಡೇ ಗುಡ್ಡದ ಮೇಲಿನ ಹೊಲಕ್ಕೆ ಕರೆತಂದಳು. ಅಲ್ಲಿ ಉದ್ದಕ್ಕೂ ಎತ್ತರದ ಮಣ್ಣಿನ ಒಡ್ಡು. ಹಿಂದೆ ನೀರು ತುಂಬಿ ನಿಂತಿತ್ತು. ಒಂದು ಮೂಲೆಯಲ್ಲಿ ಹೊಲಿದ ಚೀಲಗಳ ಮೆಟ್ಟಿಲು. ಹೆಚ್ಚಾದ ನೀರು ಅದರ ಮೇಲೆ ಸದ್ದಿಲ್ಲದೆ ಇಳಿದು ಹೋಗುತ್ತಿತ್ತು.

"ಹೀ! ಹೀ ಮಾಝೀ ತಾಲ್!" ಮುದುಕಿ ಒಡ್ಡನ್ನು ಕೈಯಿಂದ ತಟ್ಟಿದಳು. "ಸಗಳ್ಯಾ ತಾಲೀ ರಾಹಿಲ್ಯಾ!" ಎಲ್ಲರವೂ ನಿಂತಿವೆಯಂತೆ.

ಶಿವಾನಿಗೆ ತಟ್ಟನೆ ಹೊಳೆಯಿತು. ಪುಣೆಯವರು 'ಬಾಂಧ್' ಅನ್ನುವ ಹೊಲದ ಒಡ್ಡಿಗೆ ಈ ಗುಡ್ಡದವರ ಮಾತಿನಲ್ಲಿ ತಾಲ್. ಒಂದಕ್ಕಿಂತ ಹೆಚ್ಚಿದ್ದರೆ... ತಾಲಿ!

"ಆಜೀ... ನಿಮ್ಮ ಹೆಸರು?" ಮರಾಠಿಯಲ್ಲಿ ಕೇಳಿದಳು.

"ಮೀ? ಅನುಸೂಯಾ!"

ಶಿವಾನಿ ಆ ಕೆಸರಿನಲ್ಲೇ ಕೂತುಬಿಟ್ಟಳು. ನಗು ಬಂತು, ಅದರ ಹಿಂದೆಯೇ ಅಳು ಬಂತು. ಆಮೇಲೆ ಎರಡೂ ಒಟ್ಟಿಗೇ ಬಂದವು. ಅನುಸೂಯಾ ಆಜಿ ಗಾಬರಿಯಾಗಿ, "ಅಹೋ ಸಾಯಬ್! ಪೋರಿಗೆ ಏನೋ ಆಗ್ಯದ!" ಎಂದು ತನ್ನ ಭಾಷೆಯಲ್ಲಿ ಕೂಗಿಕೊಂಡಳು.

ಮಾಂತು ಗುಡ್ಡ ಹತ್ತಿ ಓಡಿ ಬಂದ. "ಏನಾತ್ರಿ? ಬಿದ್ರೇನು? ಕಾಲಿಗೆ ಬಡೀತೇನು?"

"ತಾಲಿ ಅಂದ್ರ... ಒಡ್ಡೇನ್ರಿ?"

"ಹೌದ್ರಿ. ಇಲ್ಲೆ ಹಂಗ ಅಂತಾರ. ದಿನಾ ಕೇಳಿ ಕೇಳಿ ನನ್ನ ಬಾಯಾಗೂ ಅದ ಬರ್ತದ. ಯಾಕ್ರಿ?"

"ನಮ್ಮವ್ವ ತಾಳಿ ಅಂತ ಕೇಳ್ಸ್ಕೊಂಡಾಳ! ಅನುಸೂಯಾಗ ನೀವು ತಾಳಿ ಕಟ್ಟಾಕತ್ತೀರಿ ಅಂತ!"

ಮಾಂತು ಒಮ್ಮೆ ಅವಳನ್ನು ನೋಡಿದ. ಒಮ್ಮೆ ಹಲ್ಲಿಲ್ಲದ ಬಾಯಿ ತೆರೆದು ನಿಂತಿದ್ದ ಆಜಿಯನ್ನು ನೋಡಿದ.

"ಈ... ಈ ಆಜಿಗೆ?! ಆಜೀದು ಅಂತನ ಹೇಳಿದ್ದೆನಲ್ರಿ ಫೋನಿನಾಗ!"

"ಅದೊಂದು ಕೇಳ್ಸಿಲ್ಲ ಆಕಿಗೆ!"

ಅವನಿಗೆ ನಗು ಬರಲಿಲ್ಲ. ಮುಖ ಬಿಳಿಚಿತು. "ಅದಕ್ಕ ಮುಗೀತು ಅಂದ್ರಿ... ನಾ ಏನಂತ ತಿಳಕೊಂಡಿದ್ದೆ ಗೊತ್ತದೇನು? ಕೆಸರಾಗ ನಿಲ್ಲಾವ, ವರ್ಷದ ಅನುದಾನದ ಮ್ಯಾಲ ಬದುಕಾವ, ನಿಮಗ ಸರಿ ಕಾಣ್ಲಿಲ್ಲ ಅಂತ."

"ಮಾಂತು..." ಮೊದಲ ಬಾರಿಗೆ ಅವಳು ಅವನನ್ನು ಹೆಸರು ಹಿಡಿದು ಕರೆದಳು. "ನಾ ಸಿಟ್ಟಿನಾಗ ಅಪ್ಪಗ ಹೂಂ ಅಂದೇನಿ. ಸೊಲ್ಲಾಪುರದವ್ರು... ನಾಡದ ಬರ್ತಾರ, ನಿಶ್ಚಯಕ್ಕ."

ನೀರು ಚೀಲಗಳ ಮೇಲಿಂದ ಇಳಿಯುತ್ತಲೇ ಇತ್ತು. ಮಾಂತು ಅದನ್ನೇ ನೋಡುತ್ತ ಕೇಳಿದ.

"ನಿಮಗ ಅವ್ರು ಮನಸಿಗೆ ಬಂದಾರೇನ್ರಿ?"

"ನನ್ನ ಮನಸಿಗೆ ಬಂದಾವ ಇಲ್ಲೇ ನಿಂತಾನ. ಏನೂ ಅನವೊಲ್ಲ!"

ಕೆಳಗಿನಿಂದ ಮಾರ್ತಾಂಡ ಸರ್ ಬಂದರು. ಒಡ್ಡಿನ ಮೇಲೆ ನಡೆದು, ಕೊಡೆಯ ತುದಿಯಿಂದ ಒಂದೊಂದು ಚೀಲ ಚುಚ್ಚಿ ನೋಡಿದರು.

"ಸರ್, ಮುಂದಿನ ವರ್ಷ...?" ಮಾಂತು ಕೇಳಿದ.

"ಮಳೆಗಾಲ ಇನ್ನೂ ಈಗ ಶುರುವಾಗಿದೆ. ಸಮಿತಿ ಕೂಡಲಿ. ನಾನು ಈಗಲೇ ಏನೂ ಹೇಳಲಾರೆ."

ಅಷ್ಟೇ. ಶಿವಾನಿ ಮಾಂತುವಿನ ಮುಖ ನೋಡಿದಳು. ಅವನ ಕೈಯಲ್ಲಿ ಅವಳಿಗೆ ಕೊಡಲು ಇನ್ನೂ ಏನೂ ಇರಲಿಲ್ಲ. ಹಾಗಿದ್ದೂ ಅವಳ ಮನಸ್ಸು ಗಟ್ಟಿಯಾಗಿತ್ತು.

"ಸರ್, ಭೋರ್ ಪ್ಯಾಟ್ಯಾಗ ಜೀಪ್ ನಿಲ್ಲಸ್ತೀರೇನು? ಮನಿಗೆ ಒಂದು ಫೋನ್ ಮಾಡಬೇಕು. ಮಾಂತು, ನೀವೂ ಹತ್ರಿ." ಗಾಬರಿಯಲ್ಲಿ ಮರಾಠಿಯ ಸರ್ ಜೊತೆ ಕನ್ನಡದಲ್ಲೇ ಮಾತಾಡಿದ್ದು ಅವಳಿಗೆ ಆಮೇಲೆ ಹೊಳೆಯಿತು. ಭೋರ್, ಜೀಪ್, ಫೋನ್ ಎಂಬಷ್ಟೇ ಅವರಿಗೆ ಸಾಕಾಯಿತು. ಅವರು ಮಾಂತುವಿನ ಕೆಸರು ಕಾಲು ನೋಡಿದರು, ಅವಳ ಅತ್ತ ಕಣ್ಣು ನೋಡಿದರು, ಏನನ್ನೂ ಕೇಳದೆ ಮುಂದಿನ ಸೀಟಿಗೆ ಹೋಗಿ ಕೂತರು.

ಭೋರ್‌ನ ಮೊದಲ ಎಸ್‌ಟಿಡಿ ಬೂತಿನಲ್ಲಿ ಫೋನು ಸತ್ತಿತ್ತು. ಎರಡನೆಯದರಲ್ಲಿ ಬರೀ ಗೊರಗೊರ ಸದ್ದು. ನಂಬರು ಸುತ್ತಿ ಸುತ್ತಿ ಅವಳ ಬೆರಳು ನೊಂದವು. ಮನೆ ಮುಟ್ಟುವಷ್ಟರಲ್ಲಿ ರಾತ್ರಿಯಾದೀತು, ಬೆಳಿಗ್ಗೆಯೇ ಸೊಲ್ಲಾಪುರದವರು ಗಾಡಿ ಹತ್ತಿಬಿಟ್ಟರೆ...? ಕೊನೆಗೆ ಆ ಕಡೆ ರಿಂಗಾಯಿತು. ನಿಶ್ಚಯದ ತಯಾರಿಗೆಂದು ಅಂಗಡಿಗೆ ರಜೆ ಹಾಕಿದ್ದ ತಂದೆಯೇ ಎತ್ತಿದರು.

"ಅಪ್ಪಾ... ನಾ, ಶಿವಾನಿ. ಸೊಲ್ಲಾಪುರದವ್ರಿಗೆ ಬರಬ್ಯಾಡ ಅನ್ರಿ."

"ಏನಂದಿ? ಹುಚ್ಚು ಹಿಡದದೇನು? ಮಾತು ಕೊಟ್ಟೇನಿ ನಾ!"

"ತಪ್ಪು ನಂದು ಅಪ್ಪಾ. ನನ್ನ ಹೂಂ ಖರೇ ಇರ್ಲಿಲ್ಲ. ಸುಳ್ಳು ಹೂಂ ತಗೊಂಡು ಆ ಹುಡುಗನ ಮನಿಗೆ ಹ್ಯಾಂಗ ಹೋಗ್ಲಿ? ಅವಗೂ ಮೋಸ ಆಗ್ತದ."

ಆ ಕಡೆ ಬರೀ ಗೊರಗೊರ. ಲೈನು ಹೋಯಿತೇ? ಶಿವಾನಿ ಕಣ್ಣು ಮುಚ್ಚಿದಳು.

"ಯಾರಾಂವ?" ತಂದೆಯ ದನಿ ಇಳಿದಿತ್ತು.

ಅವಳು ಎಲ್ಲವನ್ನೂ ಹೇಳಿದಳು. ಬಕೆಟ್ ನೀರು, ತದಿಗೆಯ ಫೋನು, ಆಜಿ, ಒಡ್ಡು. ಮುಂದಿನ ವರ್ಷ ಅವನಿಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ ಎನ್ನುವುದನ್ನೂ ಮುಚ್ಚಿಡಲಿಲ್ಲ. ಆ ಕಡೆ ಈರಬಸಪ್ಪನವರು ಹೆಂಡತಿಗೆ ಏನೋ ಗದರಿದ್ದು ಕೇಳಿಸಿತು. "ತಾಲಿ ಯಾವುದು ತಾಳಿ ಯಾವುದು ತಿಳಿಯೂದಿಲ್ಲೇನು ನಿನಗ!"

ಫೋನು ಕಾಶವ್ವನ ಕೈಗೆ ಬಂತು. "ಅಂವ ಬಾಜೂಕ ಅದಾನೇನು? ಕೊಡು ಅವಗ!"

ಮಾಂತು ರಿಸೀವರ್ ಹಿಡಿದ. ಕಾಶವ್ವನ ದನಿ ಬೂತಿನ ಹೊರಗೂ ಕೇಳುವಷ್ಟು ದೊಡ್ಡದಿತ್ತು.

"ನೋಡಪಾ, ಈ ಸಲ ಬಿಡಿಸಿ ಹೇಳು. ಇವರಪ್ಪನೂ ಕಿವಿ ಹಚ್ಚಿ ನಿಂತಾರ. ಏನ್ ಕಟ್ಟಾವ ನೀನು? ಯಾರಿಗೆ?"

ಮಾಂತು ಶಿವಾನಿಯತ್ತ ನೋಡಿದ. ಇಷ್ಟು ದಿನ ಅವಳೆದುರು ಒಮ್ಮೆಯೂ ಹೊರಡದ ಮಾತು ಅವಳ ತಾಯಿಗೆ ಹೇಳಬೇಕಾಗಿತ್ತು.

"ತಾಳಿ ರೀ ಅವ್ವಾರ. ಶಿವಾನಿಗೆ."

ಶಿವಾನಿ ಬೂತಿನ ಗಾಜಿಗೆ ಹಣೆ ಹಚ್ಚಿ ನಿಂತಳು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಆ ಕಡೆಯಿಂದ ಈರಬಸಪ್ಪನವರ ಮಾತು ಬಂತು.

"ರವಿವಾರ ಬಾ. ಸೊಲ್ಲಾಪುರದವ್ರ ಕಾಲು ನಾ ಹಿಡಕೋತೇನಿ. ಅನುದಾನದ ಮಾತು ಆಮ್ಯಾಲ... ಮೊದಲ ನಿನ್ನ ಮಾರಿ ನೋಡ್ತೇನಿ."

ಫೋನಿಟ್ಟು ಮಾಂತು ಹೊರಗೆ ಬಂದ.

"ನಿಮ್ಮಪ್ಪಾರು ಒಲ್ಲೆ ಅಂದ್ರ?"

"ನಾ ಅದೀನಲ್ರಿ, ನಿಮ್ಮ ಬಾಜೂಕ."

"ನಿಮ್ಮನ್ನ ಕೇಳೂಕಿಂತ ಮೊದಲ ನಿಮ್ಮವ್ವಾರಿಗೆ ಹೇಳಿಬಿಟ್ಟೆ, ತಪ್ಪಾತು. ಈಗರೆ ಕೇಳ್ತೇನಿ, ಶಿವಾನಿ..."

ಅವಳು ಕೆಸರಾದ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೇಳಬ್ಯಾಡ್ರಿ. ನೀವು ಒಂದು ಅಂದ್ರ ನಮಗ ಇನ್ನೊಂದು ಕೇಳಸ್ತದ. ಸುಮ್ನ ಹಿಡಕೊಂಡು ನಿಲ್ರಿ."